ರಾಯಪ್ಪನ ಕುರ್ಚಿ

ಮಾರ್ಚ್ 5, 2003, ಬೂದಿ ಬುಧವಾರ. ಭದ್ರಾವತಿ

ಫಾದರ್ ಹಿಲರಿ ಇವತ್ತು ನಮ್ಮ ಹಣೆಗೆ ಬೂದಿ ಹಚ್ಚಿ, ಕೈಗೆ ಒಂದು ಕೆಲಸವನ್ನೂ ಹಚ್ಚಿದರು. ಈ ತಪಸ್ಸು ಕಾಲ ಮುಗಿದು ಈಸ್ಟರ್ ಬರುವವರೆಗೆ ಪ್ರತಿಯೊಬ್ಬರೂ ದಿನಚರಿ ಬರೆಯಬೇಕಂತೆ. ಯಾರಿಗೂ ತೋರಿಸುವುದು ಬೇಡ, ನಿಮಗೂ ದೇವರಿಗೂ ಗೊತ್ತಿದ್ದರೆ ಸಾಕು ಎಂದರು. ದೇವರಿಗೆ ಬರೆಯದಿದ್ದರೂ ಗೊತ್ತಾಗುತ್ತದಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಪಾಲನಾ ಮಂಡಳಿಯ ಹಿರಿಯ ಸದಸ್ಯ, ನಾನೇ ತಕರಾರು ತೆಗೆದರೆ ಉಳಿದವರ ಗತಿಯೇನು.

ಮೊದಲ ಪುಟದಲ್ಲಿ ಹೆಸರು ಬರೆಯುವುದು ಪದ್ಧತಿ. ಎಂ. ಇನ್ನಾಸಪ್ಪ. ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ವಿ.ಆರ್.ಎಸ್. ತೆಗೆದುಕೊಂಡವನು. ಈಗ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಸೂಪರ್‌ವೈಸರ್. ಹೆಂಡತಿ ಲೂರ್ದಮ್ಮ. ಈ ತಪಸ್ಸಿಗೆ ಬಿಟ್ಟಿದ್ದು ಬೀಡಿ. ಅದನ್ನು ಕೇಳಿ ಲೂರ್ದು ನಕ್ಕಳು. "ನೀವು ಬಿಟ್ರೆ ಆಯ್ತೇನ್ರೀ, ಬೀಡಿ ನಿಮ್ಮನ್ನ ಬಿಡ್ಬೇಕಲ್ಲ."

ಇನ್ನು ಇವತ್ತಿನ ಒಳ್ಳೆಯ ಕೆಲಸ. ಫೌಂಡ್ರಿಗೆ ಹೋದ ತಿಂಗಳು ಕಂಟ್ರಾಕ್ಟರು ಜಾರ್ಖಂಡಿನಿಂದ ಕೆಲವು ಆಳುಗಳನ್ನು ಕರೆಸಿದ್ದ. ಅವರಲ್ಲಿ ಒಬ್ಬನ ಕೊರಳಲ್ಲಿ ಜಪಸರ ಕಂಡಿತು. ಕೇಳಿದರೆ ನಮ್ಮವನೇ, ಕಥೋಲಿಕ. ಹೆಸರು ಮನ್ಸಿದ್ ಕೆರ್ಕೆಟ್ಟಾ. ಹೆಂಡತಿ ಬಿಬಿಯಾನಾ. ಇಬ್ಬರೂ ಫೌಂಡ್ರಿಯ ಶೆಡ್ಡಿನಲ್ಲಿ ಮರಳಿನ ಗುಡ್ಡೆಯ ಪಕ್ಕ ಮಲಗುತ್ತಿದ್ದರು. ನನಗೆ ಕರುಳು ಚುರುಕ್ ಎಂದಿತು. ಸಂಜೆಯ ಪೂಜೆಗೆ ಕರೆತಂದು ಫಾದರ್ ಮುಂದೆ ನಿಲ್ಲಿಸಿದೆ. ಫಾದರ್ ಮಂಗಳೂರು ಕಡೆಯವರು. ಅವರಿಗೆ ಕೊಂಕಣಿ, ಕನ್ನಡ, ತುಳು, ಇಂಗ್ಲಿಷ್ ಎಲ್ಲ ಬರುತ್ತದೆ, ಹಿಂದಿ ಮಾತ್ರ 'ಆವೋ ಬೈಠೋ'ಗೆ ಮುಗಿಯುತ್ತದೆ. ನಾನು ರೂರ್ಕೆಲಾದಲ್ಲಿ ಟ್ರೇನಿಂಗ್ ಮಾಡಿದವನು. ಇಡೀ ಧರ್ಮಕೇಂದ್ರದಲ್ಲಿ ಸರಿಯಾಗಿ ಹಿಂದಿ ಬರುವುದು ನನಗೊಬ್ಬನಿಗೇ.

"ಹಳೇ ಶಾಲೆಯ ಹಿಂದಿನ ಕೋಣೆ ಖಾಲಿ ಉಂಟಲ್ಲ, ಅಲ್ಲಿ ಇರಲಿ. ಹೇಳಿ ಅವರಿಗೆ," ಎಂದರು ಫಾದರ್. ನಾನು ಹೇಳಿದೆ. ಮನ್ಸಿದ್ ಫಾದರ್ ಕೈಗೆ ಮುತ್ತಿಟ್ಟು, ಆಮೇಲೆ ನನ್ನ ಕೈಗೂ ಮುತ್ತಿಟ್ಟ. ಬಿಬಿಯಾನಾ ಅಳುತ್ತಿದ್ದಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 7, ಶುಕ್ರವಾರ

ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಫಾದರ್ ಪಾಠ ಶುರು ಮಾಡಿದರು. ಈ ವರ್ಷದ ವಿಷಯ ಧರ್ಮಸಭೆಯ ಸಾಮಾಜಿಕ ಬೋಧನೆ. ಕೂಲಿಯವನ ಮರ್ಯಾದೆಯ ಬಗ್ಗೆ ಪೋಪರೊಬ್ಬರು ನೂರು ವರ್ಷಕ್ಕೂ ಹಿಂದೆಯೇ ಬರೆದಿದ್ದಾರಂತೆ. ಊರು ಬಿಟ್ಟು ಬಂದವನಿಗೆ ಬಾಗಿಲು ತೆರೆಯುವುದು ದಾನವಲ್ಲ, ಅವನ ಹಕ್ಕು ಎಂದರು. ಬಾಲ ಯೇಸುವನ್ನು ಎತ್ತಿಕೊಂಡು ಜೋಸೆಫ್, ಮರಿಯಮ್ಮ ಈಜಿಪ್ಟಿಗೆ ಓಡಿದಾಗ ಅವರ ಕೈಯಲ್ಲಿ ಯಾವ ರೇಷನ್ ಕಾರ್ಡಿತ್ತು ಎಂದು ಕೇಳಿದರು. ಜನ ನಕ್ಕರು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇದನ್ನು ನಾನು ಪುಸ್ತಕದಲ್ಲಿ ಓದಿದ್ದು. ಇನ್ನಾಸಪ್ಪನವರು ಮಾಡಿ ತೋರಿಸಿದ್ದು," ಎಂದರು.

ಮನೆಗೆ ಬರುವಾಗ ಲೂರ್ದು, "ಶರ್ಟಿನ ಗುಂಡಿ ಹಾರೋಗೋ ಹಂಗೆ ಉಬ್ಬಿದೀರ, ಮೆಲ್ಲಗೆ ಉಸಿರು ಬಿಡಿ," ಎಂದಳು. ಬಿಡುತ್ತೇನೆ, ಬಿಡುತ್ತೇನೆ. ಒಂದು ದಿನವಾದರೂ ಉಬ್ಬಲಿ.

ಮಾರ್ಚ್ 12

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುವ ದಿನ. ಬೆಳಿಗ್ಗೆ ಸ್ಟೋರ್ ತೆಗೆದು ಕಂಟ್ರಾಕ್ಟ್ ಆಳುಗಳಿಗೆಲ್ಲ ಸೇಫ್ಟಿ ಬೂಟು, ಕೈಗವುಸು ಕೊಟ್ಟೆ. ಅವರು ಬಂದರು, ನೋಡಿದರು, ಎಳನೀರು ಕುಡಿದು ಹೋದರು. ಸಂಜೆ ಬೂಟುಗಳನ್ನು ವಾಪಸ್ ಇಸಿದುಕೊಂಡು, ಒರೆಸಿ, ಬೀಗ ಹಾಕಿದೆ. ಬೂಟು ಕಾಯಂ ಆಳುಗಳಿಗೆ, ಕಂಟ್ರಾಕ್ಟಿನವರಿಗೆ ಇನ್‌ಸ್ಪೆಕ್ಷನ್ ದಿನ ಮಾತ್ರ. ನಾನು ಸೇರಿದಾಗಿನಿಂದ ನಡೆದುಬಂದ ರೂಢಿ ಇದು. ಕೊಟ್ಟರೆ ವಾರದಲ್ಲಿ ಹರಿದು ಹಾಕುತ್ತಾರೆ. ಮನ್ಸಿದ್ ಬಿಚ್ಚುವಾಗ, "ಇವತ್ತು ಕಾಲಿಗೆ ಬಿಸಿಯೇ ತಾಗಲಿಲ್ಲ ಕಾಕಾ," ಎಂದ. ಪಾಪ, ನನ್ನನ್ನು ಕಾಕಾ ಎನ್ನುತ್ತಾನೆ.

ಬೀಡಿ ಇಲ್ಲದೆ ಒಂದು ವಾರ.

ಮಾರ್ಚ್ 16, ಭಾನುವಾರ

ಇವತ್ತು ಪೂಜೆಯಲ್ಲಿ ಮನ್ಸಿದ್ ಹಾಡಿದ. ಕಾಯಿರ್ ಮಾಸ್ಟರಿಗೆ ಯಾರು ಹೇಳಿದರೋ. ಅವನ ಭಾಷೆಯ ಹಾಡು, ಒಂದಕ್ಷರ ಯಾರಿಗೂ ಅರ್ಥವಾಗಲಿಲ್ಲ, ಆದರೂ ಗುಡಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹೊರಗೆ ಬಂದರೆ ಎಲ್ಲ ಅವನ ಸುತ್ತ. "ಏನು ಕಂಠ ಮಾರಾಯ!" ಎನ್ನುವವರೇ. ಅವನನ್ನು ಕರೆತಂದವನು ಬದಿಯಲ್ಲಿ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ.

ಬಿಬಿಯಾನಾ ದಿನಾ ನಮ್ಮ ಅಡುಗೆಮನೆಯಲ್ಲೇ ಇರುತ್ತಾಳೆ. ಅವಳಿಗೆ ಲೂರ್ದುವಿನ ಭಾಷೆ ಬಾರದು, ಲೂರ್ದುಗೆ ಅವಳದು ಬಾರದು, ಬೆಳಗಿಂದ ಸಂಜೆತನಕ ಮಾತು ಮಾತ್ರ ನಿಲ್ಲುವುದಿಲ್ಲ. ಲೂರ್ದು ಈಗ ಉಪ್ಪಿಗೆ ನಮಕ್, ಅನ್ನಕ್ಕೆ ಭಾತ್ ಎನ್ನುತ್ತಾಳೆ. ಈ ವಯಸ್ಸಿನಲ್ಲಿ ಹಿಂದಿ ಕಲಿತು ಯಾವ ಪರೀಕ್ಷೆ ಬರೆಯುತ್ತಾಳೋ.

ಮಾರ್ಚ್ 21, ಶುಕ್ರವಾರ

ಬರೆಯುವುದೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರದ ದಿನ ಫಾದರ್ ಹನ್ನೆರಡು ಜನರನ್ನು ಪೀಠದ ಮುಂದೆ ಕೂರಿಸಿ, ಮಂಡಿಯೂರಿ, ಕಾಲು ತೊಳೆಯುತ್ತಾರೆ. ಮೊದಲನೆಯ ಕುರ್ಚಿ ಪೇತ್ರನದು, ನಮ್ಮ ಹಿರಿಯರ ಬಾಯಲ್ಲಿ ರಾಯಪ್ಪನದು. ಆ ಕುರ್ಚಿಯಲ್ಲಿ ಮೊದಲು ನಮ್ಮ ಅಪ್ಪ ಕೂರುತ್ತಿದ್ದರು, ಅವರು ಹೋದ ಮೇಲೆ ನಾನು. ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಆ ದಿನ ಕೊಳಕು ಕಾಲನ್ನು ಯಾರೂ ಗುಡಿಗೆ ತರುವುದಿಲ್ಲ. ವಾರ ಮುಂಚಿನಿಂದ ಬಿಸಿನೀರು, ಉಜ್ಜುವ ಕಲ್ಲು, ಕೊಬ್ಬರಿ ಎಣ್ಣೆ ನಡೆಯುತ್ತದೆ. ಫಾದರ್ ತೊಳೆಯುವ ಹೊತ್ತಿಗೆ ತೊಳೆಯಲಿಕ್ಕೆ ಏನೂ ಉಳಿದಿರುವುದಿಲ್ಲ.

ಇವತ್ತು ಪಾಠದ ಕೊನೆಗೆ ಫಾದರ್ ಹೇಳುತ್ತಾರೆ: ಈ ವರ್ಷ ರಾಯಪ್ಪನ ಕುರ್ಚಿಯಲ್ಲಿ ಮನ್ಸಿದ್ ಕೂರಲಿ. ನನ್ನನ್ನು ಒಂದು ಮಾತು ಕೇಳಲಿಲ್ಲ. "ಇನ್ನಾಸಪ್ಪನವರಿಗೆ ಎಲ್ಲರಿಗಿಂತ ಜಾಸ್ತಿ ಖುಷಿ," ಎಂದು ಅವರೇ ನನ್ನ ಪರವಾಗಿ ಹೇಳಿಬಿಟ್ಟರು.

ಮನ್ಸಿದ್‌ಗೆ ಹೇಳಿದೆ. ಅವನು ಬೆಚ್ಚಿಬಿದ್ದ. "ಅದು ನಿಮ್ಮ ಜಾಗ ಕಾಕಾ. ನಾನು ಕೊನೆಯಲ್ಲಿ ಕೂರುತ್ತೇನೆ ಎಂದು ಫಾದರಿಗೆ ಹೇಳಿ."

"ಎಂತ ಹೇಳ್ತಾನೆ?" ಎಂದರು ಫಾದರ್.

"ನಾಚಿಕೆಯಂತೆ ಫಾದರ್. ಇಷ್ಟ ಇಲ್ವಂತೆ."

ಫಾದರ್ ಗಟ್ಟಿಯಾಗಿ ನಕ್ಕರು. "ಪೇತ್ರನೂ ಮೊದಲು ಬೇಡ ಅಂತಲೇ ಹೇಳಿದ್ದು. ಇವನೇ ಸರಿ!"

ಹಾಗಾಯಿತು. ಲೂರ್ದು ಏನೋ ಸಮಾಧಾನ ಹೇಳಲು ಬಂದಳು, ಹೋಗು ಸಾಕು ಎಂದೆ.

ಮಾರ್ಚ್ 25

ಎರಕ ಹೊಯ್ಯುವಾಗ ದೊಡ್ಡ ಸೌಟು, ಲೇಡ್ಲ್, ವಾಲಿತು. ಕರಗಿದ ಕಬ್ಬಿಣ ಮನ್ಸಿದ್‌ನ ಎಡಗಾಲ ಮೇಲೆ ಬಿತ್ತು. ರಬ್ಬರ್ ಚಪ್ಪಲಿ ಕಾಲಿಗೇ ಅಂಟಿಕೊಂಡಿತು. ನೀರು ಹೊಯ್ದು, ಚಪ್ಪಲಿ ಕಿತ್ತು, ಬಟ್ಟೆ ಸುತ್ತಿ, ನನ್ನ ಸ್ಕೂಟರಿನಲ್ಲೇ ಕೋಣೆಗೆ ತಂದು ಬಿಟ್ಟೆ.

ಆಸ್ಪತ್ರೆಗೆ ಹೋದರೆ ಇ.ಎಸ್.ಐ. ಕಾರ್ಡ್ ಕೇಳುತ್ತಾರೆ. ಇವನಿಗೆ ಕಾರ್ಡಿಲ್ಲ. ಬೂಟು ಹಾಕಿದ್ದನೇ ಎಂದು ಕೇಳುತ್ತಾರೆ. ಅಲ್ಲಿಂದ ಇನ್‌ಸ್ಪೆಕ್ಟರ್ ಬರುತ್ತಾರೆ. ಸ್ಟೋರಿನ ಬೀಗದ ಕೈ ನನ್ನ ಹತ್ತಿರ.

ಫೌಂಡ್ರಿಯ ಯಜಮಾನರು ಚಂದ್ರಶೇಖರಪ್ಪನವರು ಶಿವಮೊಗ್ಗದ ವಿನೋಬನಗರದ ಮನೆಯಿಂದ ಫೋನ್ ಮಾಡಿದರು. "ಏನೋ ಆಯ್ತಂತಲ್ಲ ಇನ್ನಾಸಪ್ಪ, ಆಸ್ಪತ್ರೆಗೆ ತೋರ್ಸಿದ್ರಾ?"

"ತೋರ್ಸಿದೀನಿ ಸಾರ್. ಸಣ್ಣದು. ವಾರಕ್ಕೆ ಸರಿಹೋಗುತ್ತೆ."

ಎರಡು ಬೀಡಿ ಸೇದಿದೆ.

ಮಾರ್ಚ್ 28, ಶುಕ್ರವಾರ

ಮನ್ಸಿದ್ ಯಾಕೆ ಕಾಣುತ್ತಿಲ್ಲ ಎಂದು ಫಾದರ್ ಕೇಳಿದರು. ಜ್ವರ ಎಂದೆ. ನೋಡಿಕೊಂಡು ಬರುತ್ತೇನೆ ಎಂದು ಹೊರಟೇಬಿಟ್ಟರು. ಅಂಟುಜಾಡ್ಯ ಇರಬಹುದು ಫಾದರ್, ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳ ಜೊತೆ ಇರುವವರು ನೀವು, ಎಂದು ತಡೆದೆ. ಬಿಬಿಯಾನಾಗೂ ಮನ್ಸಿದ್‌ಗೂ ಹೇಳಿಟ್ಟಿದ್ದೇನೆ: ಕಾಲು ಯಾರಿಗೂ ತೋರಿಸಬಾರದು, ತೋರಿಸಿದರೆ ಪೊಲೀಸ್ ಕೇಸಾಗಿ ಕೆಲಸ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ಹೆದರಿಸಲಿಕ್ಕಲ್ಲ, ಅವರ ಒಳ್ಳೆಯದಕ್ಕೇ.

ಇವತ್ತಿನ ಪಾಠ ಕೂಲಿಯವರ ಬಗ್ಗೆ. ಇಡೀ ಬಂಡವಾಳಕ್ಕಿಂತ ಒಬ್ಬ ಆಳಿನ ಬೆರಳು ದೊಡ್ಡದು ಎಂದರು ಫಾದರ್. ಹೇಳುವುದು ಸುಲಭ. ಬಂದು ಒಂದು ದಿನ ಫರ್ನೇಸ್ ಮುಂದೆ ನಿಲ್ಲಲಿ. ಆಮೇಲೆ, "ನಮ್ಮಲ್ಲಿ ಎಷ್ಟು ಜನರ ಅಜ್ಜಂದಿರು ಹೊರಗಿಂದ ಬಂದವರು?" ಎಂದು ಕೇಳಿ ನನ್ನ ಕಡೆ ನೋಡಿದರು. ಹೌದು, ನಮ್ಮ ತಾತ ಸೇಲಂ ಕಡೆಯಿಂದ ಬಂದವರೇ. ಅದು ಬೇರೆ. ಅವರು ಬಂದಾಗ ಇಲ್ಲಿ ಊರೇ ಇರಲಿಲ್ಲ, ಬಂದು ಊರು ಕಟ್ಟಿದರು. ಇವರು ಬರುವುದು ಕಟ್ಟಿದ ಊರಿಗೆ.

ಏಪ್ರಿಲ್ 2

ಮನ್ಸಿದ್‌ನನ್ನು ಕೆಲಸಕ್ಕೆ ಕರೆತಂದು ಮೂಲೆಯಲ್ಲಿ ಮರಳು ಜರಡಿ ಹಿಡಿಯಲು ಕೂರಿಸಿದ್ದೇನೆ. ಎಲ್ಲರ ಕಣ್ಣಿಗೆ ಬೀಳುತ್ತಿದ್ದರೆ ಅನುಮಾನ ಬರುವುದಿಲ್ಲ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೇವೆ. ಫಾದರಿಗೆ, ಜ್ವರ ಬಿಟ್ಟಿದೆ, ಭಾನುವಾರವೂ ಪಾಳಿ ಇದೆ ಎಂದಿದ್ದೇನೆ.

ಊಟಕ್ಕೆ ಕೂತಾಗ ಲೂರ್ದು ಬಡಿಸಲಿಲ್ಲ, ಎದುರಿಗೆ ನಿಂತಳು.

"ಆ ಕಾಲು ನಾರ್ತಿದೆ ಕಣ್ರೀ. ಬಿಬಿಯಾನಾ ಮೈಗೂ ಆ ವಾಸನೆ ಹತ್ತಿದೆ. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಮುಲಾಮು ಕೊಟ್ಟಿದೀನಿ."

"ಮುಲಾಮು ಹಚ್ಚೋಕೆ ಅಲ್ಲಿ ಚರ್ಮ ಎಲ್ಲಿದೆ?"

"ನೀನು ಡಾಕ್ಟ್ರಾ?"

"ಡಾಕ್ಟ್ರಲ್ಲ. ಮೂಗಿದೆ."

ತಟ್ಟೆ ದೂಡಿ ಎದ್ದೆ. ಇವಳಿಗೆ ಏನು ಗೊತ್ತು. ನನ್ನ ಕೆಲಸ ಹೋದರೆ ಅವಳ ಮೂಗಿಗೆ ಗಂಜಿಯ ವಾಸನೆಯೂ ಬರುವುದಿಲ್ಲ. ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ ನನಗೆ?

ಏಪ್ರಿಲ್ 6

ಏನೂ ವಿಶೇಷವಿಲ್ಲ. ಬೀಡಿ.

ಏಪ್ರಿಲ್ 9

ಫಾದರ್ ಇವತ್ತು ಖುಷಿಯಿಂದ ಹೇಳಿದರು: ಪವಿತ್ರ ಗುರುವಾರಕ್ಕೆ ಚಂದ್ರಶೇಖರಪ್ಪನವರನ್ನು ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾರೆ, ತಮ್ಮ ಆಳಿನ ಕಾಲನ್ನು ಗುಡಿಯಲ್ಲಿ ತೊಳೆಯುವುದನ್ನು ಅವರೂ ನೋಡಲಿ.

ಕೋಣೆಗೆ ಹೋಗಿ ಮನ್ಸಿದ್‌ನ ಕಾಲಿನ ಬಟ್ಟೆ ಬಿಚ್ಚಿಸಿ ನೋಡಿದೆ. ಬೆರಳುಗಳು ಕಪ್ಪಾಗಿವೆ. ಹಿಮ್ಮಡಿಯ ಮೇಲೆ ಕೆಂಪು ಏರುತ್ತಿದೆ. ಅವನ ಮೈ ಕಾದ ಹಂಚಾಗಿತ್ತು. ಆದರೂ ನನ್ನನ್ನು ನೋಡಿ ನಕ್ಕ. "ಗುರುವಾರದೊಳಗೆ ಸರಿಹೋಗುತ್ತದಾ ಕಾಕಾ? ಫಾದರ್ ಮುಟ್ಟುವ ಕಾಲು."

ಯೋಚಿಸಿದೆ. ಫಾದರ್ ಮಂಡಿಯೂರುತ್ತಾರೆ. ಈ ಕಾಲನ್ನು ಕೈಯಲ್ಲಿ ಹಿಡಿಯುತ್ತಾರೆ. ಗುಡಿ ತುಂಬ ಜನ. ಮುಂದಿನ ಸಾಲಿನಲ್ಲಿ ಯಜಮಾನರು. ಆಮೇಲೆ ಒಬ್ಬೊಬ್ಬರೂ ತಿರುಗಿ ನನ್ನನ್ನು ನೋಡುತ್ತಾರೆ.

ಇಷ್ಟೆಲ್ಲ ಮಾಡಿದ್ದು ಇದಕ್ಕಾ? ಶೆಡ್ಡಿನಲ್ಲಿ ಮಲಗಿದ್ದವನನ್ನು ನಾನು ಅಲ್ಲೇ ಬಿಟ್ಟಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅವನು ಊರಿಗೆ ಹೋಗುವುದೇ ಸರಿ. ಅಲ್ಲಿ ಅವರವರ ಔಷಧಿ, ಗಿಡಮೂಲಿಕೆ ಇರುತ್ತದೆ. ತಾಯಿ ಇದ್ದಾಳೆ. ಇದು ಎಲ್ಲರಿಗೂ ಒಳ್ಳೆಯದು.

ಏಪ್ರಿಲ್ 13, ಗರಿಗಳ ಭಾನುವಾರ

ಪೂಜೆಯಾದ ಮೇಲೆ ಕೋಣೆಗೆ ಹೋದೆ. "ಈಸ್ಟರ್ ಹಬ್ಬವನ್ನು ಮನೆಯವರ ಜೊತೆ ಮಾಡಬೇಕಂತೆ, ಫಾದರ್ ಹೇಳಿದ್ದಾರೆ. ನಾಳೆ ರೈಲಿದೆ. ಕಾಲು ವಾಸಿಯಾದ ಮೇಲೆ ಅವರೇ ಕರೆಸುತ್ತಾರೆ," ಎಂದೆ.

"ಕುರ್ಚಿ?" ಎಂದ.

"ಮುಂದಿನ ವರ್ಷ."

ಹೋಗುವ ಮೊದಲು ಫಾದರ್ ಹತ್ತಿರ ಆಶೀರ್ವಾದ ತೆಗೆದುಕೊಳ್ಳಬೇಕು ಎಂದ. ಫಾದರ್ ಬಿಷಪರ ಪೂಜೆಗೆಂದು ಶಿವಮೊಗ್ಗಕ್ಕೆ ಹೋಗಿದ್ದಾರೆ ಎಂದೆ. ಅವರು ಹೋಗುವುದು ನಾಳೆ. ಒಂದು ದಿನ ಆಚೀಚೆ ಅಷ್ಟೇ. ಪಕ್ಕದ ಗುಡಿಯಲ್ಲೇ ಫಾದರ್ ಮಕ್ಕಳಿಗೆ ಗರಿಯಲ್ಲಿ ಶಿಲುಬೆ ಮಡಿಸಲು ಕಲಿಸುತ್ತಿದ್ದರು, ದನಿ ಕೇಳಿಸುತ್ತಿತ್ತು. ಬಿಬಿಯಾನಾ ಕಿಟಕಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಕಿಟಕಿ ಮುಚ್ಚಿದೆ. ಬಿಸಿಲಿತ್ತು.

ಏಪ್ರಿಲ್ 14

ಫಾದರ್ ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೊರಟರು. ನಾವು ಆಮೇಲೆ ಆಟೋದಲ್ಲಿ ಸ್ಟೇಷನ್ನಿಗೆ. ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲೆ ಕೂರಿಸಿದೆವು. ಪಕ್ಕದವರು ಮೂಗಿಗೆ ಬಟ್ಟೆ ಹಿಡಿದರು. ಬೆಂಗಳೂರಿನಲ್ಲಿ ರೈಲು ಬದಲಾಯಿಸಬೇಕು, ಹೇಗೆಂದು ಹೇಳಿಕೊಟ್ಟಿದ್ದೇನೆ.

ಲೂರ್ದು ಚಿತ್ರಾನ್ನ ಕಟ್ಟಿಕೊಟ್ಟಳು. ರೈಲು ಹೊರಡುವವರೆಗೆ ಬಿಬಿಯಾನಾಳ ಕೈ ಬಿಡಲಿಲ್ಲ. ಅವಳ ಜೊತೆ ಅದೇನೋ ತುಂಡು ತುಂಡು ಹಿಂದಿಯಲ್ಲಿ ಮಾತಾಡಿದಳು. ಲೂರ್ದುಗೆ ಇಷ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬರುವಾಗ ಆಟೋದಲ್ಲಿ ಕೇಳಿದಳು.

"ಫಾದರ್ ಕಳಿಸ್ತಿದಾರೆ ಅಂತ ಹೇಳಿದ್ರಂತೆ?"

"ಹೂಂ."

"ಫಾದರ್ ನಿನ್ನೆ ಸಂಜೆ ನನ್ ಹತ್ರ, ಗುರುವಾರಕ್ಕೆ ಮನ್ಸಿದ್‌ಗೊಂದು ಬಿಳೀ ಪಂಚೆ ಹೊಂದಿಸಮ್ಮಾ ಅಂದ್ರು."

"ನೀನು ಸುಮ್ನಿದ್ರೆ ಎಲ್ಲ ಸರಿಹೋಗುತ್ತೆ. ಬಾಯಿ ಬಿಟ್ರೆ ನಾನು ಜೈಲಿಗೆ. ಯಾವ್ದು ಬೇಕು ನೋಡ್ಕೋ."

ಅವಳು ಬುತ್ತಿ ತಂದಿದ್ದ ಖಾಲಿ ಚೀಲ ಮಡಿಸುತ್ತಾ ಕೂತಳು.

ಏಪ್ರಿಲ್ 16

ಪಾಪನಿವೇದನೆ ಮಾಡಿದೆ. ತಪಸ್ಸಿನಲ್ಲಿ ಬೀಡಿ ಸೇದಿದ್ದು, ಹೆಂಡತಿಯ ಮೇಲೆ ರೇಗಿದ್ದು. ಫಾದರ್ ಒಂದು ಜಪಸರ ಹೇಳಲು ಕೊಟ್ಟರು. ಮನಸ್ಸು ಹಗುರವಾಯಿತು.

ಏಪ್ರಿಲ್ 17, ಪವಿತ್ರ ಗುರುವಾರ

ಮಧ್ಯಾಹ್ನ ಫಾದರಿಗೆ ಹೇಳಿದೆ: ಅವರಿಬ್ಬರೂ ಸೋಮವಾರವೇ ಊರಿಗೆ ಹೋದರಂತೆ, ನನಗೂ ಆಮೇಲೆ ಗೊತ್ತಾಯಿತು. ಫಾದರ್ ಮುಖ ಸಣ್ಣದಾಯಿತು. "ನನಗೊಂದು ಮಾತು ಹೇಳದೆಯಾ? ನಾವು ಎಂತ ಕಡಿಮೆ ಮಾಡಿದೆವು ಇನ್ನಾಸಪ್ಪನವರೇ?" ಎಂದರು. ಹೊರಗಿನಿಂದ ಬಂದವರು ಫಾದರ್, ಮನಸ್ಸು ಬಂದಾಗ ಎದ್ದು ಹೋಗುತ್ತಾರೆ ಎಂದೆ. ಹನ್ನೆರಡು ಜನಕ್ಕೆ ಒಬ್ಬ ಕಡಿಮೆಯಾಗಿದ್ದ. ನೀವೇ ಕೂತುಬಿಡಿ ಎಂದರು. ನಾನಾಗಿ ಕೇಳಲಿಲ್ಲ.

ಸಂಜೆ ಗುಡಿ ತುಂಬಿತ್ತು. ಚಂದ್ರಶೇಖರಪ್ಪನವರು ಬಂದು ಮುಂದೆ ಕೂತಿದ್ದರು. ಫಾದರ್ ಉಗುರುಬೆಚ್ಚಗಿನ ನೀರು ಹೊಯ್ದು ನನ್ನ ಕಾಲು ತೊಳೆದು, ಒರೆಸಿ, ಮುತ್ತಿಟ್ಟರು. ಆಗ ಎದೆ ತುಂಬಿ ಬಂತು. ಈ ನಲವತ್ತು ದಿನದ ಕಷ್ಟವೆಲ್ಲ ಆ ನೀರಿನಲ್ಲಿ ಹರಿದುಹೋದ ಹಾಗಾಯಿತು. ಹೆಂಗಸರ ಸಾಲಿನಲ್ಲಿ ಲೂರ್ದು ತಲೆ ತಗ್ಗಿಸಿಕೊಂಡಿದ್ದಳು. ಪ್ರಾರ್ಥನೆ ಮಾಡುತ್ತಿದ್ದಳೆಂದು ಕಾಣುತ್ತದೆ.

ಏಪ್ರಿಲ್ 19, ಶನಿವಾರ

ಬೆಳಿಗ್ಗೆ ಫಾದರ್ ಮನೆ ಬಾಗಿಲು ಬಡಿದರು. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ. ಸೋಮವಾರ ಬೀರೂರಿನಲ್ಲೇ ಮನ್ಸಿದ್‌ಗೆ ಎಚ್ಚರ ತಪ್ಪಿ, ರೈಲಿನವರು ಕೆಳಗಿಳಿಸಿದ್ದಾರೆ. ಅಲ್ಲಿಂದ ಯಾರೋ ಶಿವಮೊಗ್ಗಕ್ಕೆ ಸಾಗಿಸಿದ್ದಾರೆ. ಬುಧವಾರ ಕಾಲು ಮಂಡಿಯಿಂದ ತೆಗೆದಿದ್ದಾರೆ. ಆ ಹೆಂಗಸು ಇವತ್ತು ಯಾರ ಕೈಯಲ್ಲೋ ಗುಡಿಗೆ ಫೋನ್ ಮಾಡಿಸಿದ್ದಾಳೆ.

ಲೂರ್ದು ಸೆರಗು ಸುತ್ತಿಕೊಂಡು ಫಾದರ್ ತಂದಿದ್ದ ಜೀಪಿನ ಹತ್ತಿರ ಬಂದಳು. "ನಾನೂ ಬರ್ತೀನಿ."

"ಅಲ್ಲಿ ಗಂಡಸರ ವಾರ್ಡು. ನಾಳೆ ಹಬ್ಬ, ಅಡುಗೆ ನೋಡ್ಕೋ," ಎಂದು ಬಾಗಿಲು ಹಾಕಿಕೊಂಡೆ.

ದಾರಿಯುದ್ದಕ್ಕೂ ಫಾದರ್ ಜಪಸರ ಹೇಳುತ್ತಿದ್ದರು. ನಾನೂ ಜೊತೆಗೆ ಹೇಳಿದೆ.

ಅವನು ಗೋಡೆ ಪಕ್ಕದ ಮಂಚದಲ್ಲಿದ್ದ. ಹೆಂಗಸು ಔಷಧಿ ತರಲು ಹೋಗಿದ್ದಳು. ಹೊದಿಕೆ ಒಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಫಾದರ್ ಅವನ ತಲೆ ಮೇಲೆ ಕೈಯಿಟ್ಟು ಅತ್ತುಬಿಟ್ಟರು. ಅವನು ಹಿಂದಿಯಲ್ಲಿ ನನಗೆ ಹೇಳಿದ: "ಕಾಕಾ, ಫಾದರಿಗೆ ಹೇಳಿ. ಕಾಲು ಹೇಗೆ ಸುಟ್ಟಿತು ಅಂತ ಹೇಳಿ. ನಾನು ಕುರ್ಚಿ ಬಿಟ್ಟು ಓಡಿಹೋಗಲಿಲ್ಲ ಅಂತ ಹೇಳಿ."

"ಎಂತ ಹೇಳ್ತಾನೆ?"

"ತಪ್ಪು ತನ್ನದೇ ಅಂತೆ ಫಾದರ್. ರೂಮಲ್ಲಿ ಸ್ಟೌ ಹಚ್ಚೋವಾಗ ಸುಟ್ಕೊಂಡನಂತೆ. ಹೇಳೋಕೆ ಹೆದರಿ ಊರಿಗೆ ಹೊರಟನಂತೆ."

"ಅಯ್ಯೋ ಮಗನೇ." ಫಾದರ್ ಅವನ ಎರಡೂ ಕೈ ಹಿಡಿದುಕೊಂಡರು. "ಅವನಿಗೆ ಹೇಳಿ, ಕೋಣೆ ಅವನದ್ದೇ. ಗುಣ ಆಗುವವರೆಗೆ ಮಾತ್ರ ಅಲ್ಲ, ಆಮೇಲೂ. ಕೂತು ಮಾಡುವ ಕೆಲಸ ನಾನು ಕೊಡ್ತೇನೆ. ಅವನು ನಮ್ಮವನು. ಸರಿಯಾಗಿ ಹೇಳಿ."

ಅವನು ಇಲ್ಲೇ ಉಳಿದರೆ ಇನ್ನು ಆರು ತಿಂಗಳಲ್ಲಿ ಕನ್ನಡ ಕಲಿಯುತ್ತಾನೆ. ಆ ಹೆಂಗಸು ಈಗಾಗಲೇ ಅರ್ಧ ಕಲಿತಿದ್ದಾಳೆ.

ನಾನು ಹಿಂದಿಯಲ್ಲಿ ಹೇಳಿದೆ: "ಆ ಕೋಣೆ ಬೇರೆಯವರಿಗೆ ಬೇಕಂತೆ. ಕಾಲಿಲ್ಲದವನನ್ನು ಇಟ್ಟುಕೊಂಡು ಏನು ಮಾಡುವುದು ಅಂತಾರೆ. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಊರಿಗೆ ಹೋಗಬೇಕಂತೆ."

ಅವನು ನನ್ನನ್ನು ಬಿಟ್ಟು ಫಾದರ್ ಮುಖವನ್ನೇ ನೋಡಿದ. "ಫಾದರ್, ನೀವು ಹೀಗೆ ಹೇಳಿದಿರಾ?" ಎಂದು ಹಿಂದಿಯಲ್ಲೇ ಅವರನ್ನು ಕೇಳಿದ.

ಫಾದರ್ ಕಣ್ಣೊರೆಸಿಕೊಂಡು, ನಗುನಗುತ್ತಾ, ಹೌದು ಹೌದು ಎಂದು ತಲೆಯಾಡಿಸಿದರು.

ಅವನು ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದ.

ಏಪ್ರಿಲ್ 20, ಈಸ್ಟರ್

ಪೂಜೆಯಲ್ಲಿ ಫಾದರ್ ಮನ್ಸಿದ್‌ಗಾಗಿ ಪ್ರಾರ್ಥನೆ ಮಾಡಿಸಿದರು. ಊಟದ ಹೊತ್ತಿಗೆ ಪರಮಪ್ರಸಾದದ ಸಣ್ಣ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಶಿವಮೊಗ್ಗಕ್ಕೆ ಹೊರಟರು. ಈಸ್ಟರ್ ದಿನ ಅವನು ಪ್ರಸಾದವಿಲ್ಲದೆ ಇರಬಾರದಂತೆ. ನಾನೂ ಹೋಗಲೇಬೇಕಾಯಿತು. ನಾನಿಲ್ಲದೆ ಅವರು ಹೋದರೆ ಹೇಗೆ.

ಹೆಂಗಸು ಮಂಚದ ಕಾಲಿಗೆ ಒರಗಿ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ. ಫಾದರ್ ಪ್ರಾರ್ಥನೆ ಹೇಳಿ, ಪ್ರಸಾದವನ್ನು ಎತ್ತಿ ಹಿಡಿದು ಅವನ ತುಟಿಯ ಹತ್ತಿರ ತಂದರು. ಅವನು ಬಾಯಿ ತೆರೆಯಲಿಲ್ಲ. ಫಾದರ್ ಕಾದರು. ಅವನು ಹಲ್ಲು ಕಚ್ಚಿ, ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಫಾದರ್ ಪ್ರಸಾದವನ್ನು ಮತ್ತೆ ಡಬ್ಬಿಯಲ್ಲಿಟ್ಟರು.

ಜೀಪು ಮಾಚೇನಹಳ್ಳಿ ದಾಟಿತು. ಆಮೇಲೆ, "ಇಪ್ಪತ್ತೆರಡು ವರ್ಷ ಆಯಿತು ನಾನು ಫಾದರ್ ಆಗಿ. ನನ್ನ ಕೈಯಿಂದ ಬೇಡ ಅಂತ ಯಾರೂ ಹೇಳಿರಲಿಲ್ಲ. ನಾನು ಎಂತ ತಪ್ಪು ಮಾಡಿದೆ ಇನ್ನಾಸಪ್ಪನವರೇ?" ಎಂದರು. ದೊಡ್ಡ ಮನುಷ್ಯ, ಮಕ್ಕಳ ಹಾಗೆ ಅಳುತ್ತಿದ್ದರು. ನನಗೆ ನಿಜವಾಗಿ ಕೆಟ್ಟದೆನಿಸಿತು.

"ಬೇಜಾರ್ ಮಾಡ್ಕೋಬೇಡಿ ಫಾದರ್. ಎಷ್ಟು ಮಾಡಿದ್ರೂ ಹೊರಗಿನವ್ರು ಹೊರಗಿನವ್ರೇ. ಊರಿಗೆ ಹೋಗ್ತೀನಿ ಅಂತಿದಾನೆ, ಹೋಗ್ಲಿ ಬಿಡಿ."

ಅವರು ಕಣ್ಣೊರೆಸಿಕೊಂಡರು. ಗುಡಿ ಬಂದ ಮೇಲೆ, ಹಳೇ ಶಾಲೆಯ ಹಿಂದಿನ ಆ ಕೋಣೆಗೆ ಬೀಗ ಹಾಕಿಬಿಡಿ, ಸದ್ಯಕ್ಕೆ ಯಾರಿಗೂ ಕೊಡುವುದು ಬೇಡ ಎಂದರು. ಹಾಕಿದೆ.

ಮನೆಗೆ ಬಂದಾಗ ಲೂರ್ದು ಹಬ್ಬದ ಅಡುಗೆ ಮುಚ್ಚಿಟ್ಟು ಬಾಗಿಲಲ್ಲೇ ಕೂತಿದ್ದಳು. ಪ್ರಸಾದ ತಗೊಂಡನಾ ಎಂದು ಕೇಳಿದಳು. ತಗೊಂಡ ಎಂದೆ. ಫಾದರ್ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬಹಳ ಒಳ್ಳೆಯ ಮನುಷ್ಯ, ಪಾಪ, ಭಾಷೆ ಬರುವುದಿಲ್ಲ ಅಷ್ಟೇ.